ಎಂಟಾಣೆ ಕಾರ್ಡಿಗೆ ಹಗುರ ಮಾತಾಡಬ್ಯಾಡ್ರಿ

‘ಎಮ್ಮೆಲ್ಲೆಗೆ ಕಾರ್ಡ್ ಬರದ್ರ ಏನಾಗ್ತದ್ರಿ, ಅವರರೆ ಎಲ್ಲಿ ಓದ್ತಾರ?’ ಹಿಂಗ ಅನ್ನೋ ಮಂದೀನ ದಿನಾ ಮುಂಜಾನೆ ಎದ್ದು ಸರಕಾರಕ್ಕ ಬೈಯೋ ಮೆಸೇಜು ವಾಟ್ಸಾಪಿನ್ಯಾಗ ಐವತ್ತು ಮಂದಿಗೆ ದೂಡ್ತಾರ. ಅದನ್ನ ಓದೋರು ಯಾರು? ಅವರಷ್ಟ ಸಿಟ್ಟಿನ್ಯಾಗಿರೋ ಇನ್ನೈವತ್ತು ಮಂದಿ. ನೀರು ಬಿಡಸೋ ಅಧಿಕಾರ ಇದ್ದವರ ಕಣ್ಣಿಗೆ ಅದು ಬೀಳೂದss ಇಲ್ಲ. ಐವತ್ತು ಪೈಸಾದ ಕಾರ್ಡು ಹಂಗಲ್ಲ, ಯಾರ ಹೆಸರು ಬರದೀರಿ ಅವರ ಬಾಗಿಲಿಗೇ ಹೋಗ್ತದ.

ಕಾರ್ಡು ನಮ್ಮ ದೇಶಕ್ಕ ಬಂದದ್ದು 1879ರಾಗ, ಆಗ ಕಾಲಾಣೆ. ಹಳೇದಾತು ಅಂತ ಅದರ ಬೆಲೆ ಹೋಗಿಲ್ಲ. ತಿಹಾರ ಜೈಲಿನ್ಯಾಗ ಒಬ್ಬ ಕೈದಿಗೆ ಹಿಂಸೆ ಕೊಟ್ಟದ್ದನ್ನ ಇನ್ನೊಬ್ಬ ಕೈದಿ ಸುನಿಲ್ ಬಾತ್ರಾ ಕಾಗದ ಬರದು ತಿಳಿಸಿದ. ಸುಪ್ರೀಂ ಕೋರ್ಟು ಆ ಕಾಗದಾನ ಅರ್ಜಿ ಅಂತ ತೊಗೊಂಡು 1979ರಾಗ ತೀರ್ಪು ಕೊಟ್ಟಿತು. ಕೋರ್ಟು ಬ್ಯಾರೆ, ಎಮ್ಮೆಲ್ಲೆ ಬ್ಯಾರೆ, ಖರೇ. ಆದ್ರ ಎಮ್ಮೆಲ್ಲೆಗೆ ನಮ್ಮ ವೋಟು ಬೇಕಲ್ರೀ!

ನನ್ನ ಜಗಳ ಬರೀಲಾರದವರ ಜೋಡಿ ಅಷ್ಟ ಅಲ್ಲ. ‘ಕಾರ್ಡ್ ಚಳವಳಿ’ ಅಂತ ಒಂದss ವಾಕ್ಯ ಸಾವಿರ ಕಾರ್ಡಿನ ಮ್ಯಾಲೆ ಛಾಪಿಸಿ, ಕೆಳಗ ನಮ್ಮ ಸಹಿ ಹಾಕ್ಸಿ, ಫೋಟೋ ಹೊಡಸ್ಕೊಳ್ಳೋರ ಜೋಡೀನೂ ಅದ. ಆ ಗಂಟಿನ್ಯಾಗ ಮೊದಲ್ನೇದು ಓದಿದ್ರ ಸಾವಿರಾನೂ ಓದಿಧಂಗ. ‘ಸಮಸ್ಯೆ ಬಗೆಹರಿಸಿ’ ಅಂದ್ರ ಯಾವ ಸಮಸ್ಯೆ, ಯಾರದು? ನಮ್ಮ ಓಣಿ ಹೆಣ್ಣುಮಕ್ಕಳ ತ್ರಾಸು ಛಾಪಾದಾಗ ಬರೂದಿಲ್ಲ.

ಹಿಂಗ ಬರೀರಿ: ‘ನಾನು ನಿಮ್ಮ ಕ್ಷೇತ್ರದ ಮತದಾರಳು. ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ, ರಾತ್ರಿ ಎರಡಕ್ಕ ಬರ್ತದ. ಹತ್ತನೇ ಇಯತ್ತೆ ಓದೋ ಹುಡುಗಿ ಎದ್ದು ಕೊಡ ತುಂಬಿ, ಮುಂಜಾನೆ ಸಾಲಿಗೆ ಹೋಗ್ತಾಳ. ಹಗಲಿನ್ಯಾಗ ನೀರು ಬಿಡಸ್ತೀರೇನು? ಈ ವಿಳಾಸಕ್ಕ ಉತ್ತರ ಬರೀರಿ.’ ಇಷ್ಟss. ಒಂದು ಕಾರ್ಡಿಗೆ ಒಂದು ಮಾತು. ರಸ್ತೆ, ಗಟಾರ, ರೇಷನ್ ಕಾರ್ಡು ಎಲ್ಲಾ ಒಂದರಾಗ ತುರುಕಿದ್ರ ಯಾವದೂ ಕಾಣೂದಿಲ್ಲ. ಪಾರ್ಟಿ ಸುದ್ದಿ ಬ್ಯಾಡ, ಬೈಗಳಂತೂ ಬ್ಯಾಡss ಬ್ಯಾಡ. ಹೆಸರು, ವಿಳಾಸ, ತಾರೀಖು ಮರೀಬ್ಯಾಡ್ರಿ. ಕಾರ್ಡು ತೆರದ ಇರ್ತದ, ಪೋಸ್ಟಮನ್ ಹಿಡದು ಪಿಎ ತನಕಾ ಎಲ್ಲಾರೂ ಓದಬಹುದು. ಓದ್ಲಿ ಬಿಡ್ರಿ, ನಾವೇನು ಗುಟ್ಟು ಬರದೀವೇನು?

ಹೊತ್ತು ನೋಡಿ ಹಾಕ್ರಿ. ಬೆಳಗಾವಿ ಸುವರ್ಣಸೌಧದಾಗ ಚಳಿಗಾಲದ ಅಧಿವೇಶನ ಸುರು ಆದಮ್ಯಾಲೆ ಹಾಕಿದ್ರ ತಡಾ ಆತು. ಸದನದಾಗ ಪ್ರಶ್ನೆ ಕೇಳಬೇಕಂದ್ರ ಶಾಸಕರು ಮೊದಲss ಬರದು ಕೊಡಬೇಕಾಗ್ತದ. ದೀಪಾವಳಿ ಫರಾಳದ ಗದ್ದಲ ಮುಗದ ಕೂಡ್ಲೆ ಬರೀರಿ.

ಇನ್ನ ಮತದಾರರಿಗೆ ಬರಿಯೋದು. ಹದಿನೆಂಟು ತುಂಬಿದ ಅಣ್ಣನ ಮಗಳಿಗೆ ‘ಮತದಾನ ಪವಿತ್ರ ಕರ್ತವ್ಯ’ ಅಂತ ಬರದ್ರ ಆಕಿ ನಗ್ತಾಳ. ‘ಫಾರ್ಮ್ 6 ತುಂಬಿದೇನವಾ? ವೋಟಿನ ದಿನಾ ಮುಂಜಾನೆ ಇಬ್ರೂ ಕೂಡಿ ಹೋಗೂಣು’ ಅಂತ ಬರೀರಿ, ಬರ್ತಾಳ. ಯಾರಿಗೆ ಹಾಕಬೇಕು ಅನ್ನೋದು ಆಕಿಗೆ ಬಿಟ್ಟದ್ದು. ಕೈಬರಹಕ್ಕ ಕಾಯ್ದೇನೂ ಒಂದು ಮರ್ಯಾದಿ ಇಟ್ಟದ. ಚುನಾವಣಾ ಕರಪತ್ರ ಛಾಪಿಸಿದ್ರ ಮುದ್ರಕ, ಪ್ರಕಾಶಕರ ಹೆಸರು ಹಾಕಬೇಕು ಅಂತ ಜನಪ್ರತಿನಿಧಿ ಕಾಯ್ದೆ 127ಎ ಕಲಮು ಹೇಳ್ತದ. ಕೈಲೆ ನಕಲು ಮಾಡಿದ್ದು ಮಾತ್ರ ಆ ಕಲಮಿನ ಪ್ರಕಾರ ಮುದ್ರಣ ಅಲ್ಲ.

‘ನಮ್ಮ ಅಕ್ಷರ ಛಲೋ ಇಲ್ರೀ’ ಅಂತ ಹಿಂದ ಸರೀಬ್ಯಾಡ್ರಿ. ಹಾಲಿನ ಲೆಕ್ಕ, ಕಿರಾಣಿ ಯಾದಿ ಬರಿಯೋ ಕೈ ಅದ. ಒಂದು ಕಾರ್ಡಿಗೆ ಉತ್ತರ ಬರಲಿಲ್ಲಂದ್ರ ತಾರೀಖು ಕಾಣಿಸಿ ಎರಡ್ನೇದು ಹಾಕ್ರಿ. ಬಾಜೂ ಮನಿಯವರಿಗೆ ಅವರ ಮನಿ ತ್ರಾಸು ಅವರ ಮಾತಿನ್ಯಾಗss ಬರೀಲಿಕ್ಕೆ ಹೇಳ್ರಿ. ಹತ್ತು ಮನಿಯಿಂದ ಹತ್ತು ಬ್ಯಾರೆ ಅಕ್ಷರದ ಕಾರ್ಡು ಹೋದ್ರ ಖರ್ಚು ಐದು ರೂಪಾಯಿ. ಅಷ್ಟಕ್ಕ ಒಂದು ಕಪ್ಪು ಚಹಾನೂ ಸಿಗೂದಿಲ್ಲ.