ಆರೋಗ್ಯ ವಿಚಾರ: ಕೂಸಿನ ಹೊಟ್ಟೆ ಕಟ್ಟಿದಾಗ

ಸಾನಪಾಡಾದ ನಮ್ಮ ಮನೆಗಳಲ್ಲೂ ಕೂಸಿಗೆ ಮಲಬದ್ಧತೆಯಾದರೆ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಗುದದಲ್ಲಿಡುವ ಅಜ್ಜಿಯಂದಿರುಂಟು. ಮಲ ಹೋಗುತ್ತದೆ, ಕೆಲವೊಮ್ಮೆ ರೋಗ ಒಳಗೇ ಉಳಿಯುತ್ತದೆ.

ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ದೊಡ್ಡ ಕರುಳಿನ ಕೊನೆಯಲ್ಲಿ ನರಕೋಶಗಳು ಹುಟ್ಟಿನಿಂದಲೇ ಇರುವುದಿಲ್ಲ. ಆ ಭಾಗ ಬಿಗಿದಿರುತ್ತದೆ, ಮೇಲಿನ ಕರುಳು ಉಬ್ಬುತ್ತದೆ. 1886ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯ ಹಿರ್ಶ್‌ಸ್ಪ್ರಂಗರು ಉಬ್ಬಿದ ಭಾಗದಲ್ಲೇ ದೋಷವೆಂದು ಬಗೆದಿದ್ದರು! ತಡವಾದರೆ ಕರುಳಿಗೆ ಸೋಂಕು ತಗಲಿ ಪ್ರಾಣಕ್ಕೇ ಎರವಾದೀತು.

ಬಯಾಪ್ಸಿ ಎಂದೊಡನೆ ‘ಕ್ಯಾನ್ಸರೇ?’ ಎಂದು ಹೌಹಾರುವವರಿಗೆ ನಮ್ಮದೊಂದು ಅರಿಕೆ. ಗುದದ್ವಾರದಿಂದ ಎರಡು-ಮೂರು ಸೆಂಟಿಮೀಟರ್ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕ ಚೂರನ್ನು ಕೊಳವೆಯಿಂದ ಹೀರಿ ತೆಗೆಯುತ್ತಾರೆ. ಅಲ್ಲಿ ನೋವಿನ ಅರಿವಿಲ್ಲ. ಎಳೆಗೂಸಿಗೆ ಸಾಮಾನ್ಯವಾಗಿ ಅರಿವಳಿಕೆಯೂ ಬೇಡ. ಸೂಕ್ಷ್ಮದರ್ಶಕದಲ್ಲಿ ನರಕೋಶ ಕಂಡರೆ ಈ ರೋಗವಿಲ್ಲ. ಇಲ್ಲದಿದ್ದರೆ ಆ ಭಾಗ ತೆಗೆದು ಕರುಳು ಜೋಡಿಸುತ್ತಾರೆ. ಚೂರು ಸಾಲದೆ ಹೋದರೆ ಮತ್ತೊಮ್ಮೆ ತೆಗೆಯಬೇಕಾದೀತು, ಆಗ ಸಿಡುಕಬೇಡಿ.

ಎರಡು ದಿನವಾದರೂ ಮೊದಲ ಕಪ್ಪುಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ, ಕೂಡಲೇ ಆಸ್ಪತ್ರೆಗೆ ಹೊರಡಿ. ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ಶಸ್ತ್ರವೈದ್ಯರಿದ್ದಾರೆ. ಮೊದಲ ಮಲ ಎಷ್ಟು ಗಂಟೆಗೆ ಹೋಯಿತೆಂಬುದನ್ನು ಬರೆದು ಒಯ್ಯಿರಿ. ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.