ಬೆಂಕಿಗೂ ನೀರಿಗೂ ನಡುವೆ

ಒಲೆಯಲ್ಲಿ ಬೆಂಕಿ ಧಗಧಗನೆ ಉರಿಯುತ್ತಿರುತ್ತದೆ. ಬಚ್ಚಲಿನಲ್ಲಿ ಕುಳಿತವರಿಗೆ ದೊರೆಯುವುದು ಮಾತ್ರ ಉಗುರುಬೆಚ್ಚಗಿನ ನೀರು. ಸೌದೆ ಹಸಿಯೆಂದು ಅತ್ತೆಯವರ ಆಕ್ಷೇಪ, ಹಂಡೆ ಹಳೆಯದಾಯಿತೆಂದು ಸೊಸೆಯ ವಾದ. ಇಬ್ಬರ ಮಾತಿನಲ್ಲಿಯೂ ಅಷ್ಟಿಷ್ಟು ಸತ್ಯವಿರಬಹುದು. ಆದರೆ ಅನೇಕ ಮನೆಗಳಲ್ಲಿ ನಿಜವಾದ ಅಪರಾಧಿ ಬೆಂಕಿಗೂ ನೀರಿಗೂ ನಡುವೆ ಸದ್ದಿಲ್ಲದೆ ಕುಳಿತಿರುತ್ತದೆ.

ಹನೂರು ಸೀಮೆಯ ಲೊಕ್ಕನಹಳ್ಳಿಯಂತಹ ಊರಿನಲ್ಲಿ ಇದು ಕೇವಲ ಸ್ನಾನಸುಖದ ಪ್ರಶ್ನೆಯಲ್ಲ. ಒಂದು ಕಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದ ಕಾಡು. ಇನ್ನೊಂದು ಕಡೆ 2013ರಲ್ಲಿ ವನ್ಯಜೀವಿಧಾಮವಾದ ಮಲೆ ಮಹದೇಶ್ವರ ಬೆಟ್ಟದ ಅರಣ್ಯ. ಚಳಿಗಾಲದಲ್ಲಿ ಒಂದು ಹೊರೆ ಸೌದೆ ಹೆಚ್ಚಿಗೆ ಬೇಕಾಯಿತೆಂದರೆ, ಆನೆ ಓಡಾಡುವ ಕಾಡಂಚಿನಲ್ಲಿ ಅದನ್ನು ಆಯ್ದು ತರಬೇಕಾದವಳು ಸಾಮಾನ್ಯವಾಗಿ ಮನೆಯ ಹೆಣ್ಣುಮಗಳೇ. ಕೊಳ್ಳೇಗಾಲಕ್ಕೆ ಸಮೀಪದ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿತೆಂಬುದು ನಿಜ. ಆದರೆ ಅದು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗಳಿಗೆ. ಹಂಡೆಗೆ ಸೌದೆಯೇ ಗತಿಯಾಗಿ ಉಳಿಯಿತು.

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಬೇಕಾದ ಶಾಖ 2000 ಕಿಲೋಕ್ಯಾಲೊರಿ. ಒಣಗಿದ ಸೌದೆಯ ಒಂದು ಕಿಲೋದಲ್ಲಿ ಸುಮಾರು 4000 ಅಡಗಿದೆ. ಎಂದರೆ ಅರ್ಧ ಕಿಲೋ ಸೌದೆಯ ಕೆಲಸ! ಹಳೆಯ ತೆರೆದ ಒಲೆಯಲ್ಲಿ ನೀರಿಗೆ ಸೇರುವುದು ಹತ್ತರಲ್ಲಿ ಒಂದು ಪಾಲಾದುದರಿಂದ ಐದು ಕಿಲೋ ಉರಿಯುತ್ತದೆ; ಉಳಿದದ್ದು ಗೋಡೆಗೆ, ಹೊಗೆಗೆ, ಗಾಳಿಗೆ.

ಹಂಡೆಯ ಹೊರಗೆ ಮಸಿ, ಒಳಗೆ ಗಡಸು ನೀರು ಬಿಟ್ಟ ಸುಣ್ಣದ ಪದರ. ಶಾಖವನ್ನು ಸಾಗಿಸುವುದರಲ್ಲಿ ತಾಮ್ರವು ಈ ಸುಣ್ಣಕ್ಕಿಂತ ನೂರಾರು ಪಟ್ಟು ಸಮರ್ಥ. ತಾಮ್ರಕ್ಕೆಂದು ಹಣ ಕೊಟ್ಟು, ಅದಕ್ಕೆ ಸುಣ್ಣದ ಕಂಬಳಿ ಹೊದಿಸಿದರೆ ಫಲವೇನು? ದೀಪಾವಳಿಯ ನೀರು ತುಂಬುವ ಹಬ್ಬದಂದು ಹುಣಿಸೆಹಣ್ಣು ಹಾಕಿ ಹಂಡೆ ಉಜ್ಜುವ ಹಿರಿಯರ ಪದ್ಧತಿಯಲ್ಲಿ ಭಕ್ತಿಯಷ್ಟೇ ಅಲ್ಲ, ಭೌತಶಾಸ್ತ್ರವೂ ಇದೆ. ಆದರೆ ವರ್ಷಕ್ಕೊಂದು ಸಲ ಸಾಲದು. ಕೊಳವೆಬಾವಿಯ ಗಡಸು ನೀರಾದರೆ ತಿಂಗಳೆರಡು ತಿಂಗಳಿಗೊಮ್ಮೆ ಉಜ್ಜಬೇಕು. ನಡುವೆ ಬೆಂಕಿಯ ಕೊಳವೆಯುಳ್ಳ ತಾಮ್ರದ ಬಾಯ್ಲರಾದರೆ ಆ ಕೊಳವೆಯ ಮಸಿಯನ್ನೂ ಕೆರೆಯಬೇಕು. ನೀರಿನ ಬಾಯಿಯನ್ನು ಮಾತ್ರ ಎಂದಿಗೂ ಬಿಗಿಯಾಗಿ ಮುಚ್ಚಕೂಡದು. ಹೊರಬರಲು ದಾರಿಯಿಲ್ಲದ ಉಗಿ ಬಾಯ್ಲರನ್ನೇ ಸಿಡಿಸಬಲ್ಲದು.

ಪಟ್ಟಣದ ಮಹಡಿಗಳ ಮೇಲೆ ಈಗ ಹಂಡೆಯ ಸ್ಥಾನಕ್ಕೆ ಸೋಲಾರ್ ಬಂದಿದೆ. ನೀರು ಗಡಸಾಗಿರುವೆಡೆ ಕೆಲವರು ಎರಡು ನೀರಿನ ತೊಟ್ಟಿಯನ್ನು ಹಾಕಿಸುತ್ತಾರೆ. ಬಿಸಿಲಿಗೆ ಕಾಯುವ ನೀರು ಬೇರೆ, ಮೀಯುವ ನೀರು ಬೇರೆ. ಮೊದಲನೆಯದು ಮುಚ್ಚಿದ ಹಾದಿಯಲ್ಲಿ ಸುತ್ತುತ್ತ, ತೊಟ್ಟಿಯೊಳಗಿನ ಸುರುಳಿ ಕೊಳವೆಯ ಮೂಲಕ ಎರಡನೆಯದಕ್ಕೆ ಶಾಖವನ್ನು ಕೊಡುತ್ತದೆ. ಏರ್ಪಾಡು ಜಾಣತನದ್ದೇ. ಆದರೆ ಕೊಡುವ ನೀರಿಗಿಂತ ಪಡೆಯುವ ನೀರು ಎಂದೂ ಹೆಚ್ಚು ಬಿಸಿಯಾಗದು; ಎರಡರ ಶಾಖ ಸಮೀಪಿಸಿದಷ್ಟೂ ಕೊಡುಕೊಳ್ಳುವಿಕೆ ನಿಧಾನವಾಗುತ್ತದೆ. ಬೆಳಗ್ಗೆ ಐದು ಮಂದಿ ಒಬ್ಬರ ಹಿಂದೊಬ್ಬರು ಮಿಂದರೆ ಆರನೆಯವರಿಗೆ ತಣ್ಣೀರು ಬರುವುದಕ್ಕೆ ತೊಟ್ಟಿಯವನನ್ನು ಬೈದು ಪ್ರಯೋಜನವಿಲ್ಲ.

ಇಲ್ಲಿಯೂ ಸುರುಳಿಯ ಹೊರಮೈಗೆ ಸುಣ್ಣ ಕಟ್ಟುತ್ತದೆ. ನಿಂಬೆ ಉಪ್ಪಿನ ನೀರಿನಿಂದ ಅದನ್ನು ಕಳೆಯಲು ತಿಳಿದವರನ್ನು ಕರೆಸುವುದು ಲೇಸು. ಸುತ್ತುಹಾದಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಹೊರಗೆ ಬಿಡಿಸಬೇಕು, ಗಾಜಿನ ಮೇಲಣ ಧೂಳನ್ನು ಒರೆಸಬೇಕು. ಮಹಡಿಯಿಂದ ಬಚ್ಚಲಿನವರೆಗೆ ಬರಿಮೈಯಲ್ಲಿರುವ ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತಿಸಿದರೆ ದಾರಿಯಲ್ಲಿ ಸೋರಿಹೋಗುವ ಬಿಸಿ ಉಳಿಯುತ್ತದೆ. ಹೀಗೆ ಚೊಕ್ಕಟವಾದ ತೊಟ್ಟಿಯಿಂದ 60 ಡಿಗ್ರಿಯ ನೀರೂ ಬರಬಹುದು. ಅದು ಕೆಲವೇ ಕ್ಷಣಗಳಲ್ಲಿ ಎಳೆಯ ಚರ್ಮವನ್ನು ಸುಡಬಲ್ಲದಾದುದರಿಂದ, ಮಗುವಿನ ಬಕೆಟ್ಟಿಗೆ ಮೊದಲು ತಣ್ಣೀರು, ಬಳಿಕ ಬಿಸಿನೀರು ಬೀಳಲಿ.