ಬೇಸಿಗೆಯ ಅಳತೆ, ಆಷಾಢದ ನೀರು

ರವಿವಾರ ಪೇಟೆಗೆ ಸರಕು ತರುವ ಲಾರಿಗಳಿಂದ ತೆಗೆದ ಹಳೆಯ ಎಂಜಿನ್ ಎಣ್ಣೆ, ಲೋಹಕ್ಕೆ ಲೇಪ ಹಾಕಿದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕೆಸರು, ಬಣ್ಣದ ಗಸಿ ಇವೆಲ್ಲ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಉದ್ಯಮಿಗಳು ಇದನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ. ಇದನ್ನು ಸಂಸ್ಕರಿಸಿ ಹೂಳುವ ಸಾಮೂಹಿಕ ಘಟಕವಿರುವುದು ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯಲ್ಲಿ. ಬೆಳಗಾವಿಯಿಂದ 400 ಕಿ.ಮೀ.ಗೂ ಆಚೆ. ಈ ಭಾಗದಲ್ಲಿಯೂ ಒಂದು ಬೇಕೆಂದು ಯಾರಾದರೂ ಕೇಳಿದರೆ ಅನ್ಯಾಯವೆನ್ನಲಾಗದು. ಕಾಯಕದ ಫಲ ನಮಗೆ, ಅದರ ವಿಷ ಪರವೂರಿಗೆ ಎಂಬುದು ಶರಣರ ನಡೆಯಲ್ಲ.

ಆದರೆ ಅಂಥ ಘಟಕ ಖಾನಾಪುರದ ದಿಕ್ಕಿನಲ್ಲಿ ಬರುವುದಾದರೆ ಅದನ್ನು ಪರೀಕ್ಷಿಸುವ ಬಗೆ ಹೇಗೆ? 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಂತೆ ಪರಿಸರ ಪರಿಣಾಮದ ವರದಿ ಸಿದ್ಧವಾಗಬೇಕು, ಸಾರ್ವಜನಿಕ ಆಲಿಕೆ ನಡೆಯಬೇಕು. ವರದಿಗೆ ಗಾಳಿ, ನೀರು, ಮಣ್ಣಿನ ಮಾಹಿತಿಯನ್ನು ಸಾಮಾನ್ಯವಾಗಿ ಒಂದೇ ಋತುವಿನಲ್ಲಿ, ಅದೂ ಮಳೆಗಾಲವನ್ನು ಬಿಟ್ಟು, ಸಂಗ್ರಹಿಸುತ್ತಾರೆ. ಬಯಲುಸೀಮೆಗೆ ಇದು ಸಾಕೇನೋ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ತಾಲೂಕಿಗೆ ಖಂಡಿತ ಸಾಲದು. ಚೈತ್ರದಲ್ಲಿ ಒಣಗಿದ ಹಳ್ಳ ಆಷಾಢದಲ್ಲಿ ಗದ್ದೆಯನ್ನೇ ನುಂಗುತ್ತದೆ. ಆಳದಲ್ಲಿದ್ದ ಬಾವಿಯ ನೀರು ಕೈಗೆಟಕುತ್ತದೆ. ಹೂಳುಗುಂಡಿಯ ತಳಹಾಸು ಸೋರಿದರೆ ವಿಷವನ್ನು ಹೊತ್ತೊಯ್ಯುವುದು ಆ ನೀರೇ. ಅದು ಖಾನಾಪುರದಲ್ಲಿ ನಿಲ್ಲುವುದೂ ಇಲ್ಲ. ಮಲಪ್ರಭೆ ಸವದತ್ತಿಯ ನವಿಲುತೀರ್ಥ ಜಲಾಶಯವನ್ನು ಸೇರುತ್ತಾಳೆ; ಹುಬ್ಬಳ್ಳಿ-ಧಾರವಾಡ ಕುಡಿಯುವುದು ಅಲ್ಲಿಯ ನೀರನ್ನು.

ಈ ಮಳೆಗಾಲದ ಅರಿವು ಇರುವುದು ರೈತನಲ್ಲಿ. ಅದು ಸರ್ಕಾರಿ ದಾಖಲೆಗೆ ಸೇರುವ ಒಂದು ದಾರಿ ಆಲಿಕೆ. ಅಲ್ಲಿಯೂ ತೊಡಕುಗಳಿವೆ. ನೂರಾರು ಪುಟಗಳ ವರದಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಸಾರಾಂಶ ಮಾತ್ರ. 2020ರಲ್ಲಿ ಈ ಅಧಿಸೂಚನೆಯನ್ನೇ ಬದಲಿಸಹೊರಟ ಕರಡು ಕೂಡ ಮೊದಲು ಇಂಗ್ಲಿಷ್, ಹಿಂದಿಗಳಲ್ಲಷ್ಟೇ ಬಂದಿತ್ತು. ಅದನ್ನು ಅಂತಿಮಗೊಳಿಸದಂತೆ ನಮ್ಮ ಹೈಕೋರ್ಟು ಆಗಸ್ಟ್‌ನಲ್ಲಿ ಮಧ್ಯಂತರ ತಡೆ ನೀಡಬೇಕಾಯಿತು. ಇನ್ನೊಂದು ಮಾತು: ಆಲಿಕೆಗೆ ಇಂತಿಷ್ಟು ಜನ ಸೇರಲೇಬೇಕೆಂಬ ನಿಯಮವಿಲ್ಲ. ಖಾಲಿ ಕುರ್ಚಿಗಳ ಮುಂದೆ ನಡೆದರೂ ಸಭೆ ಊರ್ಜಿತವೇ.

ಜನರ ವಿಶ್ವಾಸ ಗಳಿಸದೆ ಮುಂದುವರಿದರೆ ಏನಾಗುತ್ತದೆಂಬುದನ್ನು ಮಧ್ಯಪ್ರದೇಶದ ಪೀಥಂಪುರದಲ್ಲಿ ಕಂಡೆವು. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದ 337 ಟನ್ ತ್ಯಾಜ್ಯ 2025ರ ಜನವರಿಯಲ್ಲಿ ಅಲ್ಲಿಗೆ ಬಂದಿಳಿದಾಗ ಊರೇ ಬೀದಿಗಿಳಿಯಿತು. ಜೂನ್ ಕೊನೆಗೆ ಅದನ್ನು ಸುಟ್ಟು ಮುಗಿಸಿದರು. ಬೂದಿ ಉಳಿಯಿತು, ಅದನ್ನೆಲ್ಲಿ ಹೂಳುವುದೆಂಬ ಪ್ರಶ್ನೆಯೂ ಉಳಿಯಿತು.

ಆಲಿಕೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಿಸಬೇಕು. ಆ ಅವಧಿಯಲ್ಲಿ ಭಕ್ತರು ಘೋಷಣಾ ಫಲಕಗಳನ್ನು ಬರೆಯುವುದಕ್ಕಿಂತ ತಮ್ಮ ಬಾವಿಯ ಮಳೆಗಾಲದ ಮಟ್ಟವನ್ನೂ, ಹಳ್ಳ ಹರಿಯುವ ದಾರಿಯನ್ನೂ ಕಾಗದದ ಮೇಲೆ ಇಳಿಸುವುದು ಮೇಲು. ಸಭೆಯ ನಡಾವಳಿಯನ್ನು ಅಲ್ಲಿಯೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂದು ನಿಯಮವಿದೆ. ಓದುವಾಗ ತಮ್ಮ ಬಾವಿಯ ಹೆಸರು ಬಂತೇ ಎಂದು ಕೇಳಿಸಿಕೊಂಡೇ ಏಳಬೇಕು.